ಎಲ್ಲವೂ ಚೆನ್ನಾಗಿರುವಾಗಲೇ ಬ್ಯಾಂಕು ಯಾಕೆ ಕೈ ಬಿಗಿಹಿಡಿಯುತ್ತದೆ?

ಜೆಪ್ಪು ನಿವಾಸಿ | ಭಾನುವಾರ, ರಾತ್ರಿ 9.20

ತಿಳಿದವರಲ್ಲಿ ಒಂದು ಪ್ರಶ್ನೆ. ಕದ್ರಿಯ ಬಳಿ ಒಂದು ಫ್ಲ್ಯಾಟ್ ನೋಡಿಟ್ಟಿದ್ದೇನೆ. ಬೆಲೆ 82 ಲಕ್ಷ, ನನ್ನಲ್ಲಿರುವುದು ಹತ್ತು ಲಕ್ಷ. ಬ್ಯಾಂಕಿನವರು ಬೆಲೆಯ ಶೇಕಡಾ 80ರ ಮೇಲೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ ಎನ್ನುತ್ತಾರೆ. 30ರಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕ್ ಹಾಕಿರುವ ಮಿತಿಯಂತೆ ಅದು. ನನ್ನ ಸಂಬಳಕ್ಕೆ ಕಂತು ಭಾರವಲ್ಲ. ಪಂಪ್‌ವೆಲ್‌ನಿಂದ ಸುರತ್ಕಲ್‌ವರೆಗೆ ಎಲ್ಲಿ ನೋಡಿದರೂ ಕಟ್ಟಡ ಏಳುತ್ತಿದೆ, ಬೆಲೆ ಇಳಿದದ್ದನ್ನು ನಾನು ಕಂಡಿಲ್ಲ. ಉಳಿದದ್ದಕ್ಕೆ ಅಮ್ಮನ ಬಂಗಾರ ಅಡವಿಟ್ಟರಾಯಿತು, ಎರಡು ವರ್ಷದಲ್ಲಿ ಫ್ಲ್ಯಾಟಿನ ಬೆಲೆಯೇ ಏರಿ ಎಲ್ಲ ಸರಿಹೋಗುತ್ತದೆ ಎಂದು ದಲ್ಲಾಳಿ ಹೇಳುತ್ತಾನೆ. ಕಷ್ಟಕಾಲದಲ್ಲಿ ಬ್ಯಾಂಕು ಹೆದರುವುದು ಅರ್ಥವಾಗುತ್ತದೆ. ಎಲ್ಲವೂ ಚೆನ್ನಾಗಿರುವಾಗ ಈ ಬಿಗಿ ಯಾಕೆ?

ಪಿಗ್ಮಿ ಪುಸ್ತಕ | ರಾತ್ರಿ 9.55

ಮೂವತ್ತನಾಲ್ಕು ವರ್ಷ ಬ್ಯಾಂಕಿನ ಮೇಜಿನ ಹಿಂದೆ ಕುಳಿತವನು ನಾನು. ನಿಮ್ಮ ಪ್ರಶ್ನೆಯನ್ನೇ ತಿರುಗಿಸಿ ಕೇಳುತ್ತೇನೆ: ಕಷ್ಟ ಬಂದ ಮೇಲೆ ಬಿಗಿಹಿಡಿದು ಏನು ಪ್ರಯೋಜನ? ಅದು ಕೈ ಬಿಚ್ಚಿ ಕೊಡಬೇಕಾದ ಹೊತ್ತು.

ಒಂದು ಲೆಕ್ಕ ಹೇಳುತ್ತೇನೆ. ಬ್ಯಾಂಕು ನೂರು ರೂಪಾಯಿ ಸಾಲ ಕೊಟ್ಟರೆ ಒಂಬತ್ತು ರೂಪಾಯಿ ಸ್ವಂತ ಬಂಡವಾಳ ಇರಬೇಕು ಎಂಬುದು ನಮ್ಮ ನಿಯಮ. ಇದು ಆ ಸಾಲದ ಅಪಾಯದ ತೂಕ ಶೇಕಡಾ 100 ಎಂದು ಇದ್ದಾಗ. ಅಪಾಯದ ತೂಕ ಎಂದರೆ ಆ ಬಗೆಯ ಸಾಲ ಎಷ್ಟು ಅಪಾಯದ್ದು ಎಂದು ರಿಸರ್ವ್ ಬ್ಯಾಂಕ್ ಕಟ್ಟುವ ಅಂಕ, ತೂಕ ಏರಿದರೆ ಬಂಡವಾಳವೂ ಅಷ್ಟೇ ಹೆಚ್ಚು ಬೇಕು. 2005ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ವಾಣಿಜ್ಯ ಕಟ್ಟಡಗಳ ಸಾಲಕ್ಕೆ ಈ ತೂಕವನ್ನು 125ಕ್ಕೆ ಏರಿಸಿತು, ಮರುವರ್ಷ ಮೇ ತಿಂಗಳಲ್ಲಿ 150ಕ್ಕೆ. ಒಂಬತ್ತು ರೂಪಾಯಿ ಇದ್ದದ್ದು ಹನ್ನೊಂದೂಕಾಲು ಆಯಿತು, ಆಮೇಲೆ ಹದಿಮೂರೂವರೆ. ಬಿಲ್ಡರ್‌ಗಳಿಗೆ ಸಾಲ ಕೊಡುವುದು ನಮಗೇ ದುಬಾರಿಯಾಯಿತು. ವೈ.ವಿ. ರೆಡ್ಡಿಯವರು ಗವರ್ನರ್ ಆಗಿದ್ದ ಕಾಲ. ನಮ್ಮ ಶಾಖೆಯಲ್ಲಿ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಅವರಿಗೆ ಬೈಯದ ದಿನವಿರಲಿಲ್ಲ. ಸಾಲದ ಗುರಿ ಮುಟ್ಟಬೇಕಾದವರು ನಾವು, ಬ್ರೇಕ್ ಒತ್ತುವವರು ಅವರು.

2008ರ ಸೆಪ್ಟೆಂಬರ್ 15ರಂದು ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಎಂಬ ದೊಡ್ಡ ಹೂಡಿಕೆ ಬ್ಯಾಂಕು ಬಿತ್ತು. ಆ ಹೊತ್ತಿಗೆ ನಮ್ಮಲ್ಲಿ ನಗದು ಮೀಸಲು ಅನುಪಾತ (ಠೇವಣಿಯಲ್ಲಿ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕಾದ ಪಾಲು) ಶೇಕಡಾ 9, ರೆಪೊ ದರವೂ (ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಕೊಡುವ ಸಾಲದ ಬಡ್ಡಿ) 9. ಜನವರಿಯೊಳಗೆ ಮೀಸಲನ್ನು 5ಕ್ಕೆ ಇಳಿಸಿದರು, ಏಪ್ರಿಲ್ ಹೊತ್ತಿಗೆ ರೆಪೊ 4.75ಕ್ಕೆ ಬಂತು, ಕಟ್ಟಡ ಸಾಲದ ತೂಕ ನವೆಂಬರಿನಲ್ಲೇ 100ಕ್ಕೆ ಮರಳಿತು. ಮೊದಲೇ ಬಿಗಿದಿದ್ದರಿಂದ ಸಡಿಲಿಸಲು ಅಷ್ಟು ಹಗ್ಗ ಕೈಯಲ್ಲಿತ್ತು. ಬೇಸಗೆಯಲ್ಲಿ ಸೌದೆ ಒಟ್ಟದವನ ಒಲೆ ಮಳೆಗಾಲದ ಆಟಿ ತಿಂಗಳಲ್ಲಿ ಉರಿಯುವುದಿಲ್ಲ.

ಜೆಪ್ಪು ನಿವಾಸಿ | ರಾತ್ರಿ 10.05

ನನ್ನ ಶೇಕಡಾ 80ರ ಮಿತಿಯೂ ಅದೇ ಜಾತಿಯದೇ, ಸರ್?

ಪಿಗ್ಮಿ ಪುಸ್ತಕ | ರಾತ್ರಿ 10.12

ಅದೇ ಕುಟುಂಬ. ಬೆಲೆ ಐದನೇ ಒಂದು ಪಾಲು ಬಿದ್ದರೂ ಸಾಲ ಮುಳುಗದಿರಲಿ ಎಂದು ಬಿಟ್ಟಿರುವ ಅಂತರ. ಆ ಅಂತರವನ್ನು ನೀವು ಬಂಗಾರದ ಸಾಲದಿಂದ ತುಂಬಿದರೆ ಅದು ಬ್ಯಾಂಕಿನ ಪುಸ್ತಕದಲ್ಲಿ ಇರುತ್ತದೆ, ನಿಮ್ಮ ಮನೆಯಲ್ಲಿ ಇರುವುದಿಲ್ಲ.

ಮಲ್ಪೆ ಬೋಟು | ರಾತ್ರಿ 11.30

ಇದನ್ನು ನಮಗೆ ವಿವರಿಸಲು ರಿಸರ್ವ್ ಬ್ಯಾಂಕ್ ಬೇಡ ಮಾರಾಯರೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ. ಈ ರಜೆ ನಡೆದುಕೊಂಡು ಬಂದಿರುವುದು ಮೀನುಗಾರರೆಲ್ಲ ಸಂತರು ಎಂದಲ್ಲ. ಎಲ್ಲ ಬೋಟುಗಳೂ ಒಂದೇ ದಿನ ದಕ್ಕೆಯಲ್ಲಿ ಹಗ್ಗ ಕಟ್ಟುತ್ತವೆ, ಅದಕ್ಕೆ. ಮೀನು ಬೆಳೆಯಲಿ ಎಂದು ನಾನೊಬ್ಬನೇ ಕುಳಿತರೆ ಪಕ್ಕದವನು ಬಲೆ ತುಂಬಿಸಿಕೊಂಡು ಬರುತ್ತಾನೆ, ನನಗೆ ಉಳಿಯುವುದು ಬಾಕಿ ಕಂತು. ಬ್ಯಾಂಕುಗಳ ಕಥೆಯೂ ಅದೇ ಅಲ್ಲವೇ? ಒಂದು ಬ್ಯಾಂಕು ಇಲ್ಲ ಎಂದರೆ ಗಿರಾಕಿ ರಸ್ತೆ ದಾಟಿ ಎದುರಿನದಕ್ಕೆ ಹೋಗುತ್ತಾನೆ. ಎಲ್ಲರನ್ನೂ ಒಟ್ಟಿಗೆ ನಿಲ್ಲಿಸುವವರು ಬೇಕು.

ಬೂತಾಯಿ ಮೀನು ರಾಶಿ ಬಿದ್ದ ವರ್ಷಗಳಲ್ಲಿ ದೊಡ್ಡ ಎಂಜಿನ್, ಉದ್ದದ ಬಲೆ, ಎರಡನೆಯ ಬೋಟು, ಎಲ್ಲಕ್ಕೂ ಸಾಲ ಸಿಗುತ್ತಿತ್ತು. ಬೂತಾಯಿ ಕಾಣೆಯಾದ ವರ್ಷಗಳಲ್ಲಿ ಅದೇ ಎಂಜಿನ್ ಡೀಸೆಲ್ ಮಾತ್ರ ಕುಡಿಯಿತು.

ಕುಂಜಿಬೆಟ್ಟು ಮೇಷ್ಟರು | ಸೋಮವಾರ, ಬೆಳಿಗ್ಗೆ 6.40

ಬೋಟಿನ ಹೋಲಿಕೆಯನ್ನು ನಾಳೆ ತರಗತಿಯಲ್ಲಿ ನಾಚಿಕೆಯಿಲ್ಲದೆ ಬಳಸುತ್ತೇನೆ. ಆದರೆ ಅದು ಒಂದು ಕಡೆ ಸೋರುತ್ತದೆ. ಮೀನು ಮರಿ ಮಾಡುವ ಕಾಲಕ್ಕೆ ಪಂಚಾಂಗ ಉಂಟು, ಸಾಲದ ಉಬ್ಬರಕ್ಕೆ ಇಲ್ಲ. ಉಬ್ಬರದ ನಡುವೆ ಇರುವವನಿಗೆ ಅದು ಉಬ್ಬರ ಎಂದು ತೋರುವುದಿಲ್ಲ, ಸಹಜ ಪ್ರಗತಿ ಎಂದೇ ತೋರುತ್ತದೆ.

2008ರ ಪೆಟ್ಟಿನ ನಂತರ ಬಾಸೆಲ್ ನಿಯಮಗಳಲ್ಲಿ (ಸ್ವಿಟ್ಜರ್ಲೆಂಡಿನ ಆ ಊರಿನಲ್ಲಿ ರೂಪಿಸುವ, ಬ್ಯಾಂಕುಗಳ ಬಂಡವಾಳದ ಅಂತರರಾಷ್ಟ್ರೀಯ ನಿಯಮಗಳು) ಅಂಥ ಒಂದು ಪಂಚಾಂಗ ಬರೆಯಲು ನೋಡಿದರು. ದೇಶದ ಒಟ್ಟು ಉತ್ಪನ್ನಕ್ಕೆ ಹೋಲಿಸಿದರೆ ಸಾಲ ಎಷ್ಟಿದೆ, ಅದು ತನ್ನ ದೀರ್ಘಕಾಲದ ಜಾಡಿನಿಂದ ಎಷ್ಟು ಮೇಲೆ ಹೋಗಿದೆ ಎಂದು ಅಳೆಯುವುದು. ಅಂತರ ದೊಡ್ಡದಾದರೆ ಬ್ಯಾಂಕುಗಳು ಶೇಕಡಾ 2.5ರವರೆಗೆ ಹೆಚ್ಚುವರಿ ಬಂಡವಾಳ ಕಟ್ಟಿಡಬೇಕು. ಬಿರುಗಾಳಿ ಬಂದಾಗ ಅದನ್ನು ಬಿಚ್ಚಬಹುದು. ಬ್ರಿಟನ್ 2020ರ ಮಾರ್ಚಿನಲ್ಲಿ, ಕೊರೊನಾ ಶುರುವಾದ ವಾರಗಳಲ್ಲೇ, ಶೇಕಡಾ 1 ಇದ್ದದ್ದನ್ನು ಸೊನ್ನೆಗೆ ಇಳಿಸಿತು. ನಮ್ಮ ರಿಸರ್ವ್ ಬ್ಯಾಂಕ್ 2015ರಲ್ಲಿ ಇದರ ಚೌಕಟ್ಟು ಸಿದ್ಧಪಡಿಸಿದರೂ ಅದನ್ನು ಚಾಲೂ ಮಾಡುವ ಬದಲು ಉಬ್ಬಿದ ಜಾಗಕ್ಕೇ ಸೂಜಿ ಚುಚ್ಚುವ ಹಳೆಯ ದಾರಿಯನ್ನೇ ಹಿಡಿದಿದೆ. 2023ರ ನವೆಂಬರ್ 16ರಂದು ಅಡಮಾನವಿಲ್ಲದ ವೈಯಕ್ತಿಕ ಸಾಲಗಳ ಅಪಾಯದ ತೂಕವನ್ನು 100ರಿಂದ 125ಕ್ಕೆ ಏರಿಸಿದ್ದು ಇದೇ ಬಗೆಯದು.

ಇನ್ನು ಜೆಪ್ಪುವಿನವರಿಗೆ. ಹೈಮನ್ ಮಿನ್ಸ್ಕಿ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಸಾಲಗಾರರನ್ನು ಮೂರು ಪಂಕ್ತಿಯಲ್ಲಿ ಕೂರಿಸಿದ್ದ. ಮೊದಲನೆಯವನು ಸಂಪಾದನೆಯಿಂದಲೇ ಅಸಲು, ಬಡ್ಡಿ ಎರಡನ್ನೂ ತೀರಿಸುತ್ತಾನೆ. ಎರಡನೆಯವನು ಬಡ್ಡಿ ಕಟ್ಟಿ ಅಸಲನ್ನು ನವೀಕರಿಸುತ್ತ ಹೋಗುತ್ತಾನೆ. ಮೂರನೆಯವನಿಗೆ ಬಡ್ಡಿ ಕಟ್ಟಲೂ ಕೊಂಡ ಆಸ್ತಿಯ ಬೆಲೆ ಏರಲೇಬೇಕು. ಹಲವು ವರ್ಷ ಯಾರೂ ಮುಳುಗದೆ ಇದ್ದರೆ ಜನ ಮೊದಲ ಪಂಕ್ತಿಯಿಂದ ಎದ್ದು ಮೂರನೆಯದಕ್ಕೆ ಜರುಗುತ್ತಾರೆ, ಬ್ಯಾಂಕಿನವರೂ ಬಡಿಸುತ್ತಾರೆ. ಬಿಕ್ಕಟ್ಟಿನ ಬೀಜ ಶಾಂತಿಯ ಕಾಲದಲ್ಲೇ ಬೀಳುತ್ತದೆ ಎಂಬುದು ಅವನ ವಾದದ ಸಾರ. ನಿಮ್ಮ ದಲ್ಲಾಳಿಯ ಮಾತನ್ನು ಇನ್ನೊಮ್ಮೆ ಓದಿ, ನಿಮ್ಮ ಎಲೆ ಯಾವ ಪಂಕ್ತಿಯಲ್ಲಿ ಹಾಕಿದ್ದಾನೆ ನೋಡಿ.

ಸುಳ್ಯದ ತೋಟ | ಬೆಳಿಗ್ಗೆ 10.15

ಬೆಲೆ ಇಳಿದದ್ದನ್ನು ಕಂಡಿಲ್ಲ ಎಂದಿರಿ. ವೆನಿಲ್ಲಾ ಕಾಲದಲ್ಲಿ ನೀವು ಪ್ರಾಥಮಿಕ ಶಾಲೆಯಲ್ಲಿದ್ದಿರಬೇಕು.

2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿಯಿತು. ಜಗತ್ತಿನ ವೆನಿಲ್ಲಾದ ದೊಡ್ಡ ಪಾಲು ಬರುವುದು ಅಲ್ಲಿಂದ. ಅಲ್ಲಿ ತೋಟ ಮುರಿದಾಗ ನಮ್ಮಲ್ಲಿ ತೋಟ ಎದ್ದಿತು. 2003ರ ಹೊತ್ತಿಗೆ ಹಸಿ ಕೋಡು ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿತ್ತು. ಪುತ್ತೂರು, ಸುಳ್ಯ, ಬೆಳ್ತಂಗಡಿಯಲ್ಲಿ ಮದುವೆ ಮನೆಗೆ ಹೋದರೂ ಅದೇ ಮಾತು. ಬೆಳಿಗ್ಗೆ ಅರಳಿದ ಹೂವು ಮಧ್ಯಾಹ್ನಕ್ಕೆ ಬಾಡುತ್ತದೆ, ಅಷ್ಟರೊಳಗೆ ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗಸ್ಪರ್ಶ ಮಾಡಿಸಬೇಕು. ಮನೆಮಂದಿಯೆಲ್ಲ ಆ ಕೆಲಸಕ್ಕೆ. ರಾತ್ರಿ ಕಳ್ಳರ ಕಾವಲಿಗೆ ಟಾರ್ಚು ಮತ್ತು ನಾಯಿ. ನಾನು ತೋಟದಲ್ಲೇ ಮಂಚ ಹಾಕಿಸಿದ್ದೆ. ಕೋಡಿಗಿಂತ ಹೆಚ್ಚು ದುಡ್ಡು ಮಾಡಿದವರು ಬಳ್ಳಿಯ ತುಂಡನ್ನು ಮೀಟರ್ ಲೆಕ್ಕದಲ್ಲಿ ಮಾರಿದವರು. ನಾನು ಕೊಂಡವನು, ಅದೂ ಸಾಲ ಮಾಡಿ.

ಬಳ್ಳಿ ನೆಟ್ಟರೆ ಹೂ ಬಿಡಲು ಮೂರು ವರ್ಷ. ಇವತ್ತಿನ ಧಾರಣೆ ನೋಡಿ ನೆಟ್ಟದ್ದು ಮೂರು ವರ್ಷದ ನಂತರದ ಮಾರುಕಟ್ಟೆಗೆ ಬರುತ್ತದೆ, ನನ್ನ ಹಾಗೆ ನೆಟ್ಟ ಇತರ ಸಾವಿರಾರು ಜನರದ್ದೂ ಅದೇ ದಿನ ಬರುತ್ತದೆ. ಅಷ್ಟರಲ್ಲಿ ಮಡಗಾಸ್ಕರ್ ಚೇತರಿಸಿಕೊಂಡಿತು, ದುಬಾರಿ ಎಂದು ಕೊಳ್ಳುವವರು ಕೃತಕ ಪರಿಮಳಕ್ಕೆ ಹೋಗಿದ್ದರು. ಮೂರು ಸಾವಿರದ ಕೋಡು ನೂರರ ಕೆಳಗೆ ಬಿತ್ತು. ಮಂಚ ಈಗ ಕೊಟ್ಟಿಗೆಯಲ್ಲಿದೆ, ಅಡಿಕೆ ಹಾಳೆ ಒಟ್ಟಲು ಬಳಸುತ್ತೇವೆ.

ಅಡಿಕೆ ಹಾಗೆ ನೆಲಕಚ್ಚದೆ ಇರುವುದಕ್ಕೆ ಒಂದು ಕಾರಣ ಕ್ಯಾಂಪ್ಕೊ. ಎಪ್ಪತ್ತರ ದಶಕದ ಆರಂಭದಲ್ಲಿ ಧಾರಣೆ ಕುಸಿದು ಬೆಳೆಗಾರ ಕಂಗಾಲಾದಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ. ಖಾಸಗಿ ವ್ಯಾಪಾರಿ ಹಿಂದೆ ಸರಿದ ದಿನ ಕೊಳ್ಳುವವರು ಒಬ್ಬರಿದ್ದಾರೆ ಎಂದು ಗೊತ್ತಿದ್ದರೆ ರೈತ ಗಾಬರಿಯಿಂದ ಹೊಸ ಅಡಿಕೆಯನ್ನು ಸಿಕ್ಕಿದ ಬೆಲೆಗೆ ಸುರಿಯುವುದಿಲ್ಲ. ಕೋಕೋ ಕೊಳ್ಳುವವರಿಲ್ಲದೆ ಹಣ್ಣು ಮರದಲ್ಲೇ ಕೊಳೆತಾಗಲೂ ಅವರೇ ಖರೀದಿಗೆ ಇಳಿದರು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿದರು. ಬಿದ್ದ ಬೆಲೆಯಲ್ಲಿ ಕೊಳ್ಳಲು ಗಂಟು ಬೇಕು, ಆ ಗಂಟು ಬೆಲೆ ಇದ್ದಾಗ ಕಟ್ಟಿದ್ದಾಗಿರಬೇಕು.

ಕುಂಜಿಬೆಟ್ಟು ಮೇಷ್ಟರು | ಬೆಳಿಗ್ಗೆ 10.50

ಭಟ್ಟರೇ, ಚಿಲಿ ದೇಶ ಇದನ್ನೇ ಸರ್ಕಾರದ ಮಟ್ಟದಲ್ಲಿ ಮಾಡಿತು. ಅವರಿಗೆ ತಾಮ್ರವೇ ಅಡಿಕೆ. 2001ರಿಂದ ಅಲ್ಲಿನ ಬಜೆಟ್ಟು ಆ ವರ್ಷದ ತಾಮ್ರದ ಧಾರಣೆಯನ್ನು ನಂಬಿ ತಯಾರಾಗುವುದಿಲ್ಲ. ಸರ್ಕಾರದ ಹೊರಗಿನ ತಜ್ಞರು ದೀರ್ಘಕಾಲದ ಬೆಲೆ ಇಷ್ಟು ಎಂದು ಅಂದಾಜು ಕೊಡುತ್ತಾರೆ, ಖರ್ಚು ಅದರ ಮೇಲೆ. ಹೆಚ್ಚು ಬಂದದ್ದು ನಿಧಿಗೆ. 2009ರಲ್ಲಿ ಜಗತ್ತೆಲ್ಲ ಕುಸಿದಾಗ ಆ ನಿಧಿಯಿಂದ ತೆಗೆದು ಖರ್ಚು ಮಾಡಿದರು. ಅಂದಾಜು ಮಾಡುವವರು ಚುನಾವಣೆಗೆ ನಿಲ್ಲುವವರಲ್ಲ ಎಂಬುದೇ ಅದರ ಗುಟ್ಟು.

ಸುಳ್ಯದ ತೋಟ | ಬೆಳಿಗ್ಗೆ 10.58

ನಾನು ಭಟ್ಟ ಎಂದು ಹೇಗೆ ಗೊತ್ತಾಯಿತು?

ಕುಂಜಿಬೆಟ್ಟು ಮೇಷ್ಟರು | ಬೆಳಿಗ್ಗೆ 11.02

ಸುಳ್ಯದಲ್ಲಿ ಅಡಿಕೆ ತೋಟ ಎಂದಿರಿ. ಗೌಡರೇ ಎನ್ನಬೇಕೋ ಭಟ್ಟರೇ ಎನ್ನಬೇಕೋ ಎಂದು ನಾಣ್ಯ ಚಿಮ್ಮಿದೆ.

ಪಡುಬಿದ್ರಿ ಅಕ್ಕ | ಮಧ್ಯಾಹ್ನ 2.30

ನೀವೆಲ್ಲ ಬಿಗಿ ಮಾಡುವವರ ಪರವಾಗಿ ಬಹಳ ಚೆನ್ನಾಗಿ ಮಾತಾಡುತ್ತೀರಿ. ಹಗ್ಗ ಬಿಗಿದಾಗ ಯಾರ ಕುತ್ತಿಗೆಗೆ ಬೀಳುತ್ತದೆ ಎಂದೂ ಹೇಳಿ. ನಮ್ಮ ಸ್ವಸಹಾಯ ಸಂಘದಲ್ಲಿ ಹದಿನಾಲ್ಕು ಜನ. ಕೆಲವು ವರ್ಷ ಮೈಕ್ರೊಫೈನಾನ್ಸಿನವರು ಒಂದೇ ಅಂಗಳಕ್ಕೆ ನಾಲ್ಕು ಕಂಪನಿ ಬಂದು ಕೂತರು. ಒಬ್ಬಳೇ ಹೆಂಗಸಿಗೆ ನಾಲ್ಕು ಸಾಲ. ಒಂದರ ಕಂತಿಗೆ ಇನ್ನೊಂದರ ಹಣ. ಬೇಡ ಎಂದವಳನ್ನೂ ಮನವೊಲಿಸಿದರು. ಆಮೇಲೆ ಒಂದು ದಿನ ಎಲ್ಲರೂ ಒಟ್ಟಿಗೆ ಬಾಗಿಲು ಮುಚ್ಚಿದರು. ಕಂತು ತಪ್ಪಿದವರ ಮನೆ ಮುಂದೆ ವಸೂಲಿಯವರು ಕೂತರು. ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸುರಿದದ್ದೂ ಅವರೇ, ನಿಲ್ಲಿಸಿದ್ದೂ ಅವರೇ. ಮೇಷ್ಟರ ಮೂರನೇ ಪಂಕ್ತಿಗೆ ನಮ್ಮ ಹೆಂಗಸರು ತಾವಾಗಿ ಎದ್ದು ಹೋದದ್ದಲ್ಲ, ಕೈಹಿಡಿದು ಕೂರಿಸಿದ್ದು.

ಇನ್ನೊಂದು. ನನ್ನ ಅತ್ತೆ ಮೀನು ಮಾರಿ ಉಳಿಸಿದ ಹಣವನ್ನು ಒಂದು ಕ್ರೆಡಿಟ್ ಸೊಸೈಟಿಯಲ್ಲಿ ಇಟ್ಟಿದ್ದರು. ಬ್ಯಾಂಕಿಗಿಂತ ಎರಡು ಶೇಕಡಾ ಹೆಚ್ಚು ಬಡ್ಡಿ. ಆ ಹಣವನ್ನು ಸೊಸೈಟಿಯವರು ಜಾಗದ ವ್ಯವಹಾರದವರಿಗೆ ಕೊಟ್ಟಿದ್ದರಂತೆ. ಸೈಟುಗಳು ಮಾರಾಟವಾಗದೆ ನಿಂತವು, ಇವರ ಹಣವೂ ನಿಂತಿತು. ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ವಿಮೆ ಉಂಟಲ್ಲ ಎಂದು ಹೋಗಿ ಕೇಳಿದರೆ, ಅದು ಬ್ಯಾಂಕುಗಳಿಗೆ ಮಾತ್ರ, ಸೊಸೈಟಿಗಳಿಗೆ ಇಲ್ಲ ಎಂದರು. ಈ ಒಂದು ಮಾತನ್ನು ಠೇವಣಿ ಇಡುವ ದಿನ ಯಾರೂ ಹೇಳಿರಲಿಲ್ಲ.

ಪಿಗ್ಮಿ ಪುಸ್ತಕ | ಮಧ್ಯಾಹ್ನ 3.45

ಅಕ್ಕ ಹೇಳಿದ್ದನ್ನು ಒಪ್ಪುತ್ತೇನೆ. ಎಲ್ಲರಿಗೂ ತಿಳಿಯಲಿ ಎಂದು ಸೇರಿಸುತ್ತೇನೆ: ಆ ವಿಮೆ ಶುರುವಾದದ್ದೇ ಒಂದು ಕುಸಿತದಿಂದ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿತು, 1962ರ ಜನವರಿ 1ರಿಂದ ಠೇವಣಿ ವಿಮೆ ಬಂತು, ಮೊದಲ ಮಿತಿ 1,500 ರೂಪಾಯಿ. 2020ರ ಫೆಬ್ರುವರಿಯಲ್ಲಿ ಒಂದು ಲಕ್ಷ ಇದ್ದದ್ದು ಐದು ಲಕ್ಷವಾಯಿತು. ಸಹಕಾರಿ ಬ್ಯಾಂಕುಗಳು ಇದರೊಳಗೆ ಬರುತ್ತವೆ. ಹೆಸರಿನಲ್ಲಿ ಸಹಕಾರಿ ಎಂದಿದ್ದ ಮಾತ್ರಕ್ಕೆ ಎಲ್ಲವೂ ಬ್ಯಾಂಕಲ್ಲ.

ನಮ್ಮವರ ತಪ್ಪನ್ನೂ ಹೇಳಿಬಿಡುತ್ತೇನೆ. 2008ರಲ್ಲಿ ಸಡಿಲಿಸಿದ್ದು ಸರಿ, ಆದರೆ ಮತ್ತೆ ಬಿಗಿಯಲು ತಡಮಾಡಿದೆವು. ತೀರದ ದೊಡ್ಡ ಸಾಲಗಳನ್ನು ಪುನಾರಚನೆ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಹಸಿರಾಗಿ ತೋರಿಸಿದೆವು. 2015ರಲ್ಲಿ ರಿಸರ್ವ್ ಬ್ಯಾಂಕ್ ಪುಸ್ತಕ ಬಿಚ್ಚಿಸಿ ನೋಡಿದ ಮೇಲೆ ಹುಳುಕು ಹೊರಬಂತು. 2018ರ ಮಾರ್ಚಿನಲ್ಲಿ ದೇಶದ ಬ್ಯಾಂಕುಗಳ ಒಟ್ಟು ಸಾಲದಲ್ಲಿ ಶೇಕಡಾ 11ಕ್ಕೂ ಹೆಚ್ಚು ವಸೂಲಾಗದ್ದು. ಜ್ವರಕ್ಕೆ ಕೊಟ್ಟ ಮದ್ದನ್ನು ಜ್ವರ ಬಿಟ್ಟ ಮೇಲೂ ಕುಡಿಸುತ್ತ ಹೋದ ಹಾಗೆ ಆಯಿತು. ಆ ಶುದ್ಧೀಕರಣದ ಗದ್ದಲದಲ್ಲೇ ವಿಲೀನವಾಗಿ ನಮ್ಮ ಕರಾವಳಿಯ ಬ್ಯಾಂಕುಗಳ ಹೆಸರುಗಳು ಹೋದವು: 2019ರ ಏಪ್ರಿಲ್‌ನಲ್ಲಿ ವಿಜಯ ಬ್ಯಾಂಕ್, ಮರುವರ್ಷ ಸಿಂಡಿಕೇಟ್ ಮತ್ತು ಕಾರ್ಪೊರೇಷನ್. ವಿಜಯ ಬ್ಯಾಂಕ್ ಲಾಭದಲ್ಲಿತ್ತು ಎಂಬುದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. 1925ರಲ್ಲಿ ಕೈಮಗ್ಗದ ಕಸುಬು ಕುಸಿದು ನೇಕಾರರು ಕಂಗೆಟ್ಟಾಗ ಅವರಿಗೆ ಸಾಲ ಕೊಡಲೆಂದು ಉಡುಪಿಯಲ್ಲಿ ಹುಟ್ಟಿದ್ದು ಸಿಂಡಿಕೇಟ್. ಮೂರು ವರ್ಷದ ನಂತರ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ತಂದರು. ವ್ಯಾಪಾರ ಇದ್ದ ದಿನ ಎರಡಾಣೆ ತೆಗೆದಿಡು, ಇಲ್ಲದ ದಿನಕ್ಕೆ ಆಗುತ್ತದೆ ಎನ್ನುವುದಕ್ಕೆ ಬಾಸೆಲ್ ಊರಿಗೆ ಹೋಗಬೇಕಾಗಿರಲಿಲ್ಲ.

ನಿರ್ವಾಹಕ | ಸಂಜೆ 4.10

ವಿಲೀನದ ರಾಜಕೀಯಕ್ಕೆ ಬೇರೆ ಚರ್ಚೆ ಇದೆ, ಅಲ್ಲಿಗೆ ಹೋಗಿ. ಇಲ್ಲಿಂದ ಹನ್ನೊಂದು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ.

ರಥಬೀದಿ ಅಕ್ಕಸಾಲಿ | ಸಂಜೆ 6.00

ಅಮ್ಮನ ಬಂಗಾರದ ವಿಷಯಕ್ಕೆ ನಾನು. 2012ರ ಮಾರ್ಚಿನಲ್ಲಿ, ಬಂಗಾರ ಏರುತ್ತಲೇ ಇದ್ದಾಗ, ಚಿನ್ನದ ಸಾಲ ಕೊಡುವ ಫೈನಾನ್ಸ್ ಕಂಪನಿಗಳು ಒಡವೆಯ ಬೆಲೆಯ ಶೇಕಡಾ 60ಕ್ಕಿಂತ ಹೆಚ್ಚು ಕೊಡಬಾರದು ಎಂದು ರಿಸರ್ವ್ ಬ್ಯಾಂಕ್ ಆಜ್ಞೆ ಮಾಡಿತು. ದೊಡ್ಡ ಕೂಗೆದ್ದಿತು. 2013ರ ಏಪ್ರಿಲ್‌ನಲ್ಲಿ ಬಂಗಾರ ಕೆಲವೇ ದಿನಗಳಲ್ಲಿ ದಡದಡನೆ ಇಳಿಯಿತು. ಅದಕ್ಕಿಂತ ಮೊದಲು ಹೆಚ್ಚು ಸಾಲ ಎತ್ತಿದ್ದ ಕೆಲವರು ಒಡವೆ ಬಿಡಿಸಲೇ ಬರಲಿಲ್ಲ, ಸಾಲ ಒಡವೆಗಿಂತ ಭಾರವಾಗಿತ್ತು. 60ರ ಮಿತಿಯೊಳಗೆ ಇದ್ದವರು ಬಡ್ಡಿ ಕಟ್ಟಿ ಸರ ಬಿಡಿಸಿಕೊಂಡು ಹೋದರು. 2014ರ ಜನವರಿಯಲ್ಲಿ ಮಿತಿಯನ್ನು 75ಕ್ಕೆ ಏರಿಸಿದರು. ಬಂಗಾರ ಇಳಿಯುವುದೇ ಇಲ್ಲ ಎಂದು ಗಿರಾಕಿಗಳು ನನಗೆ ಹೇಳಿದಾಗಲೆಲ್ಲ ನಾನು ತಲೆಯಾಡಿಸುತ್ತೇನೆ. ವ್ಯಾಪಾರಿ ನಾನು, ವಾದ ಮಾಡುವುದಿಲ್ಲ.

ಕಾಪು ಕುವೈತ್ | ರಾತ್ರಿ 8.45

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ ನನ್ನ ತಂದೆ ಅಲ್ಲಿದ್ದರು. ಕೆಲಸ ಹೋಯಿತು. ಉಳಿತಾಯ ಅಲ್ಲಿನ ಬ್ಯಾಂಕಿನಲ್ಲಿ, ಅದು ಮುಚ್ಚಿತ್ತು. ಮರುಭೂಮಿ ದಾಟಿ ಅಮ್ಮಾನ್ ತಲುಪಿ ಏರ್ ಇಂಡಿಯಾ ವಿಮಾನದಲ್ಲಿ ಒಂದು ಕೈಚೀಲದೊಂದಿಗೆ ಬಂದರು. ಹಾಗೆ ಬಂದವರು ಸುಮಾರು 1,70,000 ಜನ. ಕಾಪುವಿನಲ್ಲಿ ನಮ್ಮ ಕೆಂಪುಕಲ್ಲಿನ ಮನೆ ಲಿಂಟಲ್ ಮಟ್ಟಕ್ಕೆ ನಿಂತಿತು. ಊರಿನಲ್ಲಿ ಅಂಥ ಮನೆ ನಮ್ಮದೊಂದೇ ಆಗಿರಲಿಲ್ಲ, ಹಾಗಾಗಿ ಮೇಸ್ತ್ರಿಗೂ ಕೆಲಸ ಇರಲಿಲ್ಲ, ಹಾರ್ಡ್‌ವೇರ್ ಅಂಗಡಿಯ ಉದ್ದರಿಯೂ ಬರಲಿಲ್ಲ.

ದೇಶಕ್ಕೂ ಅದೇ ಆಯಿತು. ತೈಲ ತುಟ್ಟಿ, ಗಲ್ಫ್ ಹಣ ನಿಂತಿತು, ಅನಿವಾಸಿಗಳು ಠೇವಣಿ ಹಿಂದಕ್ಕೆ ತೆಗೆದರು. 1991ರಲ್ಲಿ ವಿದೇಶಿ ವಿನಿಮಯ ಎರಡು ಮೂರು ವಾರದ ಆಮದಿಗೆ ಸಾಲುವಷ್ಟೇ ಉಳಿದು, 47 ಟನ್ ಬಂಗಾರವನ್ನು ಇಂಗ್ಲೆಂಡ್ ಮತ್ತು ಜಪಾನಿನ ಕೇಂದ್ರ ಬ್ಯಾಂಕುಗಳಲ್ಲಿ ಅಡವಿಟ್ಟರು. ನಾನು ಕಲಿತದ್ದು ಇಷ್ಟೇ: ಪೆಟ್ಟು ಒಂದೇ ಕಡೆಯಿಂದ ಬಂದರೂ ನಮ್ಮದೆಲ್ಲವೂ ಅದೇ ಕಡೆ ಇದ್ದರೆ ಎಲ್ಲವೂ ಒಟ್ಟಿಗೆ ಬೀಳುತ್ತದೆ. ಜೆಪ್ಪುವಿನ ತಮ್ಮನಿಗೆ ಒಂದು ಪ್ರಶ್ನೆ. ನಿನ್ನ ಸಂಬಳ ಎಲ್ಲಿಂದ ಬರುತ್ತದೆ?

ಜೆಪ್ಪು ನಿವಾಸಿ | ರಾತ್ರಿ 9.30

ಅಣ್ಣ, ನಾನಿರುವುದು ಮಂಗಳೂರಿನಲ್ಲೇ. ಆದರೆ ನಮ್ಮ ಕಂಪನಿಯ ಗಿರಾಕಿಗಳೆಲ್ಲ ದುಬೈಯವರು. ಆ ಕಟ್ಟಡದಲ್ಲಿ ಫ್ಲ್ಯಾಟ್ ಕೊಂಡವರ ಪಟ್ಟಿಯನ್ನು ದಲ್ಲಾಳಿಯಿಂದ ಕೇಳಿ ತರಿಸಿದೆ. ಮೂವತ್ತಾರರಲ್ಲಿ ಇಪ್ಪತ್ತೆರಡು ಜನ ಗಲ್ಫಿನಲ್ಲಿರುವವರು.

ಕಾಪು ಕುವೈತ್ | ರಾತ್ರಿ 9.34

ಹಾಗಾದರೆ ನಿನ್ನ ಕೆಲಸ ಹೋಗುವ ದಿನವೇ ಅವರೂ ಮಾರಲು ನಿಲ್ಲುತ್ತಾರೆ.

ಜೆಪ್ಪು ನಿವಾಸಿ | ಮಂಗಳವಾರ, ರಾತ್ರಿ 8.10

ಅಮ್ಮನ ಬಂಗಾರ ಮುಟ್ಟುವುದಿಲ್ಲ ಎಂದು ತೀರ್ಮಾನಿಸಿದೆ. ಕುಲಶೇಖರದಲ್ಲಿ 48 ಲಕ್ಷದ ಹಳೆಯ ಮನೆಯೊಂದನ್ನು ನಾಳೆ ನೋಡುತ್ತಿದ್ದೇನೆ. ದಲ್ಲಾಳಿ ಮಾತು ಬಿಟ್ಟಿದ್ದಾನೆ. ಅಕ್ಕನ ಅತ್ತೆಯ ಹಣ ಏನಾಯಿತು?

ಪಡುಬಿದ್ರಿ ಅಕ್ಕ | ರಾತ್ರಿ 8.50

ಆಡಳಿತಾಧಿಕಾರಿ ಬಂದಿದ್ದಾರೆ. ಆರು ವರ್ಷದಲ್ಲಿ ಮೂರನೆಯವರು. ಅತ್ತೆ ಪ್ರತಿ ತಿಂಗಳು ಪಾಸ್ ಪುಸ್ತಕ ಹಿಡಿದು ಹೋಗಿ ಬರುತ್ತಾರೆ.

ಮಲ್ಪೆ ಬೋಟು | ರಾತ್ರಿ 9.15

ಸುಳ್ಯದವರು ಎರಡು ದಿನದಿಂದ ಕಾಣುತ್ತಿಲ್ಲ. ಅಡಿಕೆಗೆ ಒಳ್ಳೆಯ ಧಾರಣೆ ಅಂತೆ, ಎಣಿಸುತ್ತಿದ್ದಾರೋ?

ಸುಳ್ಯದ ತೋಟ | ರಾತ್ರಿ 10.40

ನಗಬೇಡಿ. ನರ್ಸರಿಗೆ ಹೋಗಿದ್ದೆ. ಗುಡ್ಡದ ಬದಿಯಲ್ಲಿ ಎರಡು ಎಕರೆ ಖಾಲಿ ಇದೆ, ನಾಲ್ಕುನೂರು ಅಡಿಕೆ ಸಸಿಗೆ ಮುಂಗಡ ಕೊಟ್ಟು ಬಂದೆ. ಸರದಿಯಲ್ಲಿ ನನ್ನ ಮುಂದೆ ಹದಿನೇಳು ಜನ ಇದ್ದರು. ಫಸಲು ಬರಲು ಆರು ವರ್ಷ ಬೇಕು ಎಂದು ನನಗೆ ಗೊತ್ತಿಲ್ಲದೆ ಏನಲ್ಲ. ಬೋರ್‌ವೆಲ್ ಮತ್ತು ಪೈಪಿಗೆ ಬಂಗಾರ ಇಡೋಣ ಎಂದು ಮನೆಯಲ್ಲಿ ಹೇಳಿದೆ. ಹೆಂಡತಿ ಏನೂ ಮಾತಾಡಲಿಲ್ಲ. ನನ್ನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಹಾಳೆ ಎಲ್ಲ ಕೆಳಗೆ ಸರಿಸಿ ಆ ಮಂಚ ತೋರಿಸಿದಳು. ಬೀರುವಿನ ಕೀಲಿ ಅವಳ ಹತ್ತಿರವೇ ಇದೆ.